ಹುಳು ಮನೆಯ ಎರಡು ಮೌನ

ಚಿಕ್ಕಬಳ್ಳಾಪುರ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನಿನ್ನ ರೇಷ್ಮೆ ಹುಳುವಿನ ಕಿರುಚಿತ್ರದ್ದು ಅಂತ ನೀನು ಕಳಿಸಿದ 14 ನಿಮಿಷದ ರಫ್ ಕಟ್ (ಮೊದಲ ಕಚ್ಚಾ ಜೋಡಣೆ) ಸದ್ದಿಟ್ಟು ನೋಡಿದೆ, ಸದ್ದು ಮುಚ್ಚಿ ನೋಡಿದೆ, ಆಮೇಲೆ ಪರದೆಗೆ ಬೆನ್ನು ಹಾಕಿ ಬರೀ ಕೇಳಿದೆ. ಸದ್ದು ಮುಚ್ಚಿದಾಗಲೇ ಚೆನ್ನಾಗಿತ್ತು ಕಣೋ. ಬೇಜಾರು ಮಾಡಿಕೊಳ್ಳಬೇಡ, ಇದು ಒಳ್ಳೆ ಸುದ್ದಿಯೇ. ಚಿತ್ರದಲ್ಲಿ ಸರಕಿದೆ, ಅದರ ಮೇಲೆ ನೀನು ಸುರಿದ ಪಿಟೀಲು ಅದನ್ನು ಮುಳುಗಿಸಿದೆ ಅಷ್ಟೆ.

ಶಿಡ್ಲಘಟ್ಟದ ಕಡೆಯ ರೇಷ್ಮೆ ಹುಳು ಸಾಕುವ ಮನೆ, ಸಪ್ಪೆ ರೋಗ (ಹುಳು ತಿನ್ನೋದು ಬಿಟ್ಟು ಮೆತ್ತಗಾಗಿ ಸಾಯುವ ರೋಗ) ಬಿದ್ದು ಕೈತಪ್ಪುವ ಬೆಳೆ, ಅದನ್ನು ಮೊದಲು ಕಂಡುಕೊಳ್ಳುವ ತಾಯಿ: ಕಥೆ ಗಟ್ಟಿಯಾಗಿದೆ. ಆದರೆ ಆಕೆ ಟಾರ್ಚ್ ಹಿಡಿದು ಹುಳು ಸಾಕುವ ಸ್ಟ್ಯಾಂಡಿನ ಹತ್ತಿರ ಬರುವ ಮೊದಲೇ ಪಿಟೀಲು ಅಳೋಕೆ ಶುರು ಮಾಡುತ್ತೆ. ಏನಾಗಿದೆ ಅಂತ ನೋಡುವವರಿಗೆ ಗೊತ್ತಾಗುವುದಕ್ಕೂ ಮುಂಚೆ, ಏನು ಅನ್ನಿಸಬೇಕು ಅಂತ ಹೇಳಿಬಿಟ್ಟೆ. ಹಾಗೆ ಹೇಳಿಸಿಕೊಂಡವರು ತಾವಾಗಿ ಅಳೋದಿಲ್ಲ. ಎಲ್ಲಾ ಮ್ಯೂಸಿಕ್ ಟ್ರ್ಯಾಕ್ ಆಫ್ ಮಾಡು. ಎಡಿಟಿಂಗ್ ಮುಗಿಯುವ ತನಕ ಆನ್ ಮಾಡಬೇಡ.

ಸಂಗೀತ ತೆಗೆದರೆ ಖಾಲಿ ಅನ್ನಿಸುತ್ತೆ ಅಂತೀಯ. ಆ ಜಾಗಕ್ಕೆ ಬೇಕಾದದ್ದು ನಿನ್ನ ಹುಳು ಮನೆಯಲ್ಲೇ ಇದೆ, ನೀನು ರೆಕಾರ್ಡ್ ಮಾಡಿಕೊಂಡಿಲ್ಲ. ನಾಲ್ಕನೇ ಜ್ವರ (ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು) ಮುಗಿಸಿ ಎದ್ದ ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಒಣಗಿದ ತರಗೆಲೆ ಮೇಲೆ ಜಿನುಗು ಮಳೆ ಬಿದ್ದ ಹಾಗಿರುತ್ತೆ. ನಿನ್ನ ಸಿನಿಮಾದ ಬೆನ್ನೆಲುಬು ಅದೇ ಆಗಬೇಕು. ಯಾಕೆ ಅಂತ ಹೇಳುತ್ತೇನೆ.

ಹುಳು ಎರಡು ಕಾರಣಕ್ಕೆ ತಿನ್ನೋದು ನಿಲ್ಲಿಸುತ್ತೆ. ಜ್ವರಕ್ಕೆ ಕೂತಾಗ ತಿನ್ನಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತೆ, ಪೊರೆ ಬಿಟ್ಟು ಎದ್ದ ಮೇಲೆ ಮತ್ತೆ ಸೊಪ್ಪಿಗೆ ಬಾಯಿ ಹಾಕುತ್ತೆ. ಅದು ಒಳ್ಳೆ ಮೌನ, ಮನೆಯವರಿಗೂ ಅಷ್ಟು ಹೊತ್ತು ಸೊಪ್ಪು ಕೊಯ್ಯುವ ಕೆಲಸವಿಲ್ಲ. ಸಪ್ಪೆ ರೋಗ ಬಿದ್ದಾಗಲೂ ತಿನ್ನಲ್ಲ. ಅದು ಕೆಟ್ಟ ಮೌನ. ಕಿವಿಗೆ ಎರಡೂ ಒಂದೇ. ಹಾಗಾಗಿ ಮೊದಲ ಮೌನವನ್ನು ಮೂರನೇ ನಿಮಿಷದ ಒಳಗೇ ಇಡು. ಮಗಳು ಸೊಪ್ಪಿನ ಹೊರೆ ತರುತ್ತಾಳೆ, ತಾಯಿ ‘ಹಾಕಬೇಡ, ಜ್ವರಕ್ಕೆ ಕೂತಿವೆ’ ಅಂತಾಳೆ, ಮನೆ ಗಪ್‌ಚುಪ್, ಎಲ್ಲರೂ ಕಾಲು ಚಾಚಿ ಕೂರುತ್ತಾರೆ. ನೋಡುವವರು ಇದನ್ನು ಕಲಿತುಕೊಂಡರು. ಆಮೇಲೆ ಹುಳು ಎದ್ದು ಸದ್ದು ತುಂಬಿಕೊಳ್ಳಲಿ, ಪಕ್ಕದ ಅಡುಗೆಮನೆಯ ದೃಶ್ಯದಲ್ಲೂ ಗೋಡೆಯಾಚೆಯಿಂದ ಸಣ್ಣಗೆ ಕೇಳುತ್ತಲೇ ಇರಲಿ. ಒಂಬತ್ತನೇ ನಿಮಿಷದಲ್ಲಿ ಅದು ತೆಳುವಾಗಲು ಶುರುವಾದರೆ, ಇದು ಜ್ವರದ ಹೊತ್ತಲ್ಲ ಅಂತ ನೋಡುವವರಿಗೇ ಹೊಳೆಯುತ್ತೆ. ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಇದೇನು ಹೊಸ ವಿದ್ಯೆ ಅಲ್ಲ. ನೂರು ವರ್ಷದ ಹಿಂದೆ ಸೋವಿಯತ್ ರಷ್ಯಾದಲ್ಲಿ ಲೆವ್ ಕುಲೆಶೊವ್ ಅನ್ನುವ ನಿರ್ದೇಶಕ ಇದನ್ನು ಮುಖದ ಮೇಲೆ ಮಾಡಿ ತೋರಿಸಿದ. ನಟನೊಬ್ಬನ ಭಾವವಿಲ್ಲದ ಮುಖದ ಒಂದೇ ತುಣುಕನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆಯಲ್ಲಿರುವ ಮಗು, ಒರಗಿ ಕೂತ ಹೆಂಗಸು, ಹೀಗೆ ಬೇರೆ ಬೇರೆ ಶಾಟಿಗೆ ಅಂಟಿಸಿದ. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು ಕಂಡಿತು, ದುಃಖ ಕಂಡಿತು, ಆಸೆ ಕಂಡಿತು. ಎಲ್ಲರೂ ಇದನ್ನು ಚಿತ್ರಕ್ಕೆ ಮಾತ್ರ ಹೇಳುತ್ತಾರೆ, ಸದ್ದಿಗೂ ಅಷ್ಟೇ ಸಲ್ಲುತ್ತೆ.

ಸದ್ದು ತೆಳುವಾಗಿಸುವುದನ್ನು ವಾಲ್ಯೂಮ್ ಎಳೆದು ಮಾಡಬೇಡ. ಹಾಗೆ ಮಾಡಿದರೆ ಯಾರೋ ಟಿವಿ ಸಣ್ಣ ಮಾಡಿದಂತೆ ಗೊತ್ತಾಗಿಬಿಡುತ್ತೆ. ಮೂರು ಪದರ ಮಾಡಿಕೋ: ಗೇಣು ದೂರದಿಂದ ಹಿಡಿದದ್ದು, ಎರಡು ಮಾರು ದೂರದಿಂದ ಹಿಡಿದದ್ದು, ಬಾಗಿಲ ಆಚೆಯಿಂದ ಹಿಡಿದದ್ದು. ಮೊದಲು ಹತ್ತಿರದ ಪದರ ಹೋಗಲಿ, ಆರೇಳು ಸೆಕೆಂಡ್ ಬಿಟ್ಟು ಎರಡನೆಯದು. ಕೊನೆಗೆ ದೂರದ ಒಂದು ಸ್ಟ್ಯಾಂಡಿನ ಚಿಟಿಚಿಟಿ ಮಾತ್ರ ಉಳಿಯಲಿ. ಎಲ್ಲಾ ಸೇರಿ 20 ಸೆಕೆಂಡ್ ಸಾಕು. ಆಕೆಯ ಕೈ ಸೊಪ್ಪಿನ ಮೇಲೆ ನಿಂತ ಹೊತ್ತಿಗೆ ಆ ಕೊನೆಯದೂ ಹೋಗಲಿ.

ಆ ಮೌನದಲ್ಲಿ ಟ್ರ್ಯಾಕ್ ಪೂರ್ತಿ ಖಾಲಿ ಇರಬಾರದು. ಸೊನ್ನೆ ಸದ್ದು ಇಟ್ಟರೆ ಫೋನ್ ಕೆಟ್ಟಿತು ಅಂದುಕೊಂಡು ಜನ ಸ್ಪೀಕರ್ ತಟ್ಟುತ್ತಾರೆ. ಆ ಕೋಣೆಯ ಬರಿ ಸದ್ದು, ಅಂದರೆ ರೂಮ್ ಟೋನ್, ಕೆಳಗೆ ಹರಿಯುತ್ತಿರಬೇಕು. ಪ್ರತಿ ಜಾಗದಲ್ಲೂ ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಅಲ್ಲಾಡದಂತೆ ನಿಲ್ಲಿಸಿ ಒಂದು ನಿಮಿಷ ಹಿಡಿದುಕೋ. ನೀನು ಹಿಡಿದಿಲ್ಲ ಅಂತ ಅಡುಗೆಮನೆ ದೃಶ್ಯ ಕೇಳಿದ ತಕ್ಷಣ ಗೊತ್ತಾಯಿತು, ಕಟ್ ಬಂದ ಕಡೆಯೆಲ್ಲಾ ಗಾಳಿ ಬದಲಾಗುತ್ತೆ.

ರೆಕಾರ್ಡಿಂಗ್ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಇದು ಎರಡನೇ ಸಲ ಸಿಗೋ ಸದ್ದಲ್ಲ. ನಾಲ್ಕನೇ ಜ್ವರ ಎದ್ದ ಮೂರನೇ ನಾಲ್ಕನೇ ದಿನ ನೋಡಿಕೊಂಡು ಹೋಗು, ಆಗ ತಿನ್ನುವ ಭರ ಜಾಸ್ತಿ. ರಾತ್ರಿ ಸೊಪ್ಪು ಹಾಕಿ ಅರ್ಧ ಗಂಟೆ ಬಿಟ್ಟು, ರಸ್ತೆಯ ಲಾರಿ ಸದ್ದು ಅಡಗಿದ ಮೇಲೆ ಕೂರು. ಫ್ಯಾನ್ ಇದ್ದರೆ ಮನೆಯವರನ್ನು ಕೇಳಿ ಹತ್ತು ನಿಮಿಷ ನಿಲ್ಲಿಸು, ಅದಕ್ಕಿಂತ ಹೆಚ್ಚು ಬೇಡ, ಬೆಳೆದ ಹುಳುವಿಗೆ ಗಾಳಿ ಆಡಬೇಕು. ಫೋನಿನಲ್ಲಿ ಹಿಡಿಯಬೇಡ. ಇಷ್ಟು ಸಣ್ಣ ಸದ್ದಿಗೆ ಅದು ತಾನೇ ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಏರಿಸಿಕೊಂಡು ಹಿಸ್ ಅನ್ನುವ ಗದ್ದಲ ತುಂಬುತ್ತೆ. ನಿನ್ನ ಸಂಭಾಷಣೆಯಲ್ಲಿ ಮಾತು ನಿಂತಾಗಲೆಲ್ಲಾ ‘ಹಿಸ್’ ಮೇಲೇಳುವುದೂ ಅದೇ ಆಟೋ ಗೇನ್ ಕಾಟ. ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಸಣ್ಣ ಕಾರ್ಡಿಯಾಯ್ಡ್ ಕಂಡೆನ್ಸರ್ ಮೈಕು ತಗೋ. ಉದ್ದ ಕೊಳವೆಯ ಶಾಟ್‌ಗನ್ ಮೈಕು ಸಿಮೆಂಟ್ ಗೋಡೆಯ ಸಣ್ಣ ಕೋಣೆಯಲ್ಲಿ ಪ್ರತಿಧ್ವನಿಯನ್ನೂ ಸೇರಿಸಿ ಡಬ್ಬಿಯೊಳಗಿಂದ ಬಂದ ಹಾಗೆ ಮಾಡುತ್ತೆ. 48 ಕಿಲೋಹರ್ಟ್ಜ್, 24 ಬಿಟ್, ತಗ್ಗಿನ ಸದ್ದು ತೆಗೆಯುವ ಲೋ ಕಟ್ 80 ಹರ್ಟ್ಜ್, ಮೀಟರ್ ಮೈನಸ್ 12 ಡೆಸಿಬೆಲ್ ದಾಟದಂತೆ. ಮೈಕಿನ ಸ್ಟ್ಯಾಂಡ್ ನೆಲದ ಮೇಲಿರಲಿ, ಹುಳುವಿನ ಸ್ಟ್ಯಾಂಡಿಗೆ ತಾಗಿದರೆ ಮರದ ಗುಡುಗುಡು ಬರುತ್ತೆ. ಆಮೇಲೆ ಇನ್ನೊಂದು: ಮೈ ಮೇಲೆ ಸೆಂಟು, ಓಡೋಮಸ್ ಏನೂ ಇರಬಾರದು. ಸೊಳ್ಳೆ ಬತ್ತಿಯಂತೂ ಹತ್ತಿರವೇ ತರಬೇಡ, ಹುಳು ಉಳಿಯಲ್ಲ.

ಹೊಗೆಯ ಮಾತು ಬಂತು ಅಂತ ಬೆಳಕಿಗೆ ಬರುತ್ತೇನೆ. ಸಾಂಬ್ರಾಣಿ ಹಾಕಿ ಕಿಟಕಿಯ ಬಿಸಿಲುಕೋಲು ತೋರಿಸೋಣ ಅಂತ ಬರೆದಿದ್ದೀಯ. ಹುಳು ಮನೆಯಲ್ಲಿ ಬೇಡವೇ ಬೇಡ. ಬಿಸಿಲುಕೋಲಿನ ಆಸೆ ನಿನಗೆ ಎಲ್ಲಿಂದ ಬಂತು ಅಂತ ಗೊತ್ತು, ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿಯಿಂದ ಬಿಸಿಲು ತಿರುಗಿಸಿ ತಂದ ಆ ಬೆಳಕು. ಅವರಿಂದ ನೀನು ಕಲಿಯಬೇಕಾದದ್ದು ಹೊಗೆ ಅಲ್ಲ, ಕನ್ನಡಿ. ಬೀರುವಿನ ಕನ್ನಡಿಯಷ್ಟು ದೊಡ್ಡದೊಂದನ್ನು ಅಂಗಳದಲ್ಲಿ ನಿಲ್ಲಿಸಿ, ಬಿಸಿಲನ್ನು ಕಿಟಕಿಯೊಳಗೆ ಕಟ್ಟಿದ ಬಿಳಿ ಪಂಚೆಗೆ ಬೀಳಿಸು. ಪಂಚೆಯಿಂದ ಮರಳಿದ ಬೆಳಕು ಆಕೆಯ ಅರ್ಧ ಮುಖಕ್ಕೆ ಬರುತ್ತೆ, ನೆರಳಿನ ಅಂಚು ಮೆತ್ತಗಿರುತ್ತೆ. ಬಟ್ಟೆಗೆ ಬೆಳಕು ಬೀಳಿಸಿ ಹೀಗೆ ಮಾಡುವುದನ್ನು ಬಂಗಾಳದ ಛಾಯಾಗ್ರಾಹಕ ಸುಬ್ರತ ಮಿತ್ರ 1956ರ ‘ಅಪರಾಜಿತೊ’ದಲ್ಲಿ ಮಾಡಿದರು. ಬಿಸಿಲು ಓಡುತ್ತಿರುತ್ತೆ, ಆಗಾಗ ಕನ್ನಡಿ ಸರಿಸಲು ಒಬ್ಬ ಹುಡುಗನನ್ನು ಅಲ್ಲೇ ನಿಲ್ಲಿಸು. ನೇರ ಬಿಸಿಲು ಹುಳುವಿನ ಮೇಲೆ ಬೀಳಬಾರದು.

ರಾತ್ರಿ ದೃಶ್ಯದಲ್ಲಿ ಟ್ಯೂಬ್‌ಲೈಟ್ ಕೆಳಗೆ ಕಪ್ಪು ಪಟ್ಟೆ ಉರುಳುತ್ತಿದೆ. ನೀನು ಸೆಕೆಂಡಿಗೆ 30 ಫ್ರೇಮ್, ಷಟರ್ ಸೆಕೆಂಡಿನ 60ರಲ್ಲಿ ಒಂದು ಪಾಲು ಅಂತ ಇಟ್ಟಿದ್ದೀಯ. ನಮ್ಮ ಕರೆಂಟು 50 ಹರ್ಟ್ಜ್, ಬೆಳಕು ಸೆಕೆಂಡಿಗೆ 100 ಸಲ ಮಿಡಿಯುತ್ತೆ. 25 ಫ್ರೇಮ್, ಷಟರ್ 50ರಲ್ಲಿ ಒಂದು ಮಾಡು, ಪಟ್ಟೆ ಹೋಗುತ್ತೆ. ಬೇರೆ ಬೇರೆ ಫ್ರೇಮ್ ರೇಟ್ ಬೆರೆಸಿದರೆ ಓಡಾಟ ಕುಂಟುತ್ತೆ, ಹಾಗಾಗಿ ಮತ್ತೆ ತೆಗೆಯುವುದೆಲ್ಲಾ ಒಂದೇ ಇರಲಿ. ವೈಟ್ ಬ್ಯಾಲೆನ್ಸ್, ಫೋಕಸ್ ಎರಡನ್ನೂ ಆಟೋದಿಂದ ಬಿಡಿಸು.

ಕ್ಯಾಮೆರಾದ ಎತ್ತರ ನೋಡು. ತಾಯಿ ನೆಲದ ಮೇಲೆ ಕೂತು ಸೊಪ್ಪು ಕತ್ತರಿಸುತ್ತಾಳೆ, ನೀನು ನಿಂತು ತೆಗೆದಿದ್ದೀಯ. ಉದ್ದಕ್ಕೂ ಆಕೆ ನಮಗಿಂತ ಕೆಳಗೆ, ಪಾಪದವಳ ಹಾಗೆ ಕಾಣುತ್ತಾಳೆ. ಆ ಮನೆಯಲ್ಲಿ ಎಲ್ಲರಿಗಿಂತ ಜಾಣೆ ಆಕೆ, ಕ್ಯಾಮೆರಾ ಅವಳ ಕಣ್ಣಿನ ಮಟ್ಟಕ್ಕೆ ಇಳಿಯಲಿ, ನೆಲದಿಂದ ಎರಡೂವರೆ ಅಡಿ. ಕ್ಲೋಸಪ್‌ಗೆ 24 ಎಂಎಂ ಲೆನ್ಸ್ ಹಾಕಿ ಎರಡು ಅಡಿಗೆ ಹೋಗಿದ್ದೀಯ, ಮೂಗು ಮುಂದೆ ಬಂದು ಕಿವಿ ಹಿಂದೆ ಹೋಗಿದೆ. 50 ಹಾಕಿ ಐದಡಿ ಹಿಂದೆ ಕೂತುಕೋ. ಆಕೆ ಹುಳು ನೋಡುವ ದಿಕ್ಕು ಲೆನ್ಸಿಗೆ ಎಷ್ಟು ಹತ್ತಿರವಿದ್ದರೆ ನಾವು ಅಷ್ಟು ಒಳಗೆ ಹೋಗುತ್ತೇವೆ. ಅಲುಗಾಟ ಮಾತ್ರ ಬೇಡ, ಕೈಯಲ್ಲಿ ಹಿಡಿದ ಕ್ಯಾಮೆರಾ ಆತಂಕ ತರುತ್ತೆ ಅಂತ ಯಾರು ಹೇಳಿದರೋ! ಎಲ್ಲವೂ ಅಲ್ಲಾಡಿದರೆ ಯಾವುದೂ ಆತಂಕ ತರಲ್ಲ.

ಇನ್ನು ಗೂಡಿನ ಮಾರುಕಟ್ಟೆ. ಉಳಿದ ಅಷ್ಟಿಷ್ಟು ಗೂಡು ತಂದು ತಂದೆ ನಿಂತಿದ್ದಾನೆ, 50 ಸೆಕೆಂಡಿನಲ್ಲಿ 38 ಕಟ್. ಗೊಂದಲ ತೋರಿಸಬೇಕು ಅಂತ ನಿನ್ನ ಆಸೆ. ಆದರೆ ಯಾವುದು ಎಲ್ಲಿದೆ ಅಂತ ಮೊದಲು ಗೊತ್ತಿದ್ದರೆ ತಾನೇ ಗೊಂದಲ ಆಗೋದು? ಒಂದು ಅಗಲ ಶಾಟ್ ಆರು ಸೆಕೆಂಡ್ ಇಡು: ಗೂಡಿನ ರಾಶಿ, ಜನ, ದರ ಕಾಣುವ ಪರದೆ, ಆತ. ಈಗ ಇ-ಹರಾಜು, ದರ ಕೂಗುವವರಿಲ್ಲ. ಇದನ್ನು ನಷ್ಟ ಅಂದುಕೊಳ್ಳಬೇಡ, ಬಳಸಿಕೋ. ಪರದೆಯನ್ನು ಹತ್ತಿರದಿಂದ ತೋರಿಸಬೇಡ, ಅದನ್ನು ನೋಡುತ್ತಿರುವ ಆತನ ಮುಖದ ಮೇಲೆ ಎಂಟು ಹತ್ತು ಸೆಕೆಂಡ್ ನಿಲ್ಲು. ಪಕ್ಕದವರು ಗೂಡು ಸುರಿಯುವ ಸದ್ದು, ತೂಕದ ಹತ್ತಿರದ ಮಾತು ಇಷ್ಟೇ ಸಾಕು. ಪರದೆಯ ಹತ್ತಿರದ ಶಾಟ್ ಕೊನೆಗೆ ಬರಲಿ, ಬಾರದಿದ್ದರೂ ನಡೆಯುತ್ತೆ. ಹೀಗೆ ಮಾಡಿದರೆ 38 ಕಟ್ ಹತ್ತರ ಒಳಗೆ ಬರುತ್ತೆ.

ಮಾರುಕಟ್ಟೆಗೆ ಹೋಗುವ ಕಟ್‌ನಲ್ಲಿ ಚಿತ್ರ, ಸದ್ದು ಎರಡನ್ನೂ ಒಂದೇ ಫ್ರೇಮಿನಲ್ಲಿ ಕತ್ತರಿಸಿದ್ದೀಯ. ಜೆ ಕಟ್ ಮಾಡು. ತಾಯಿ ಇನ್ನೂ ಹುಳು ಮನೆಯಲ್ಲಿ ಕೂತಿರುವಾಗಲೇ ಮಾರುಕಟ್ಟೆಯ ಗದ್ದಲ ಎರಡು ಸೆಕೆಂಡ್ ಮುಂಚೆ ಬರಲಿ, ಆಕೆ ಕೂತಲ್ಲೇ ಅದನ್ನು ಲೆಕ್ಕ ಹಾಕುತ್ತಿರುವಂತೆ ಕಾಣುತ್ತೆ. ಮಗಳ ಜೊತೆಗಿನ ಮಾತಿನಲ್ಲಿ ಉಲ್ಟಾ, ಎಲ್ ಕಟ್: ತಾಯಿಯ ಮಾತು ಮುಂದುವರಿಯಲಿ, ಚಿತ್ರ ಕೇಳಿಸಿಕೊಳ್ಳುವ ಹುಡುಗಿಗೆ ಹೋಗಲಿ. ಮಾತಾಡುವವರನ್ನೇ ತೋರಿಸುತ್ತಾ ಹೋದರೆ ಅದು ಟಿವಿ ಚರ್ಚೆ.

ಅದೇ ದೃಶ್ಯದಲ್ಲಿ ಲೋಟ ಎಡಗೈಯಿಂದ ಬಲಗೈಗೆ ಹೋಗುತ್ತೆ ಅಂತ ಒಳ್ಳೆ ಟೇಕ್ ಬಿಟ್ಟು ಸಪ್ಪೆ ಟೇಕ್ ಇಟ್ಟಿದ್ದೀಯ, ಹೌದಾ? ವಾಲ್ಟರ್ ಮರ್ಚ್ ಅನ್ನುವ ಹಿರಿಯ ಎಡಿಟರ್ ಕಟ್ಟಿಗೆ ಆರು ಮಾನದಂಡ ಹೇಳಿ ಅಂಕ ಕೊಟ್ಟಿದ್ದಾರೆ. ಭಾವಕ್ಕೆ ನೂರರಲ್ಲಿ 51, ಕಥೆಗೆ 23, ಲಯಕ್ಕೆ 10. ಯಾವುದು ಎಲ್ಲಿತ್ತು ಅನ್ನುವ ಜಾಗದ ಲೆಕ್ಕಕ್ಕೆ ಕೊನೆಯ 4. ಲೋಟ ಆ ನಾಲ್ಕರಲ್ಲಿ ಬರುತ್ತೆ. ಒಳ್ಳೆ ಟೇಕ್ ವಾಪಸ್ ಹಾಕು. ಅಜ್ಜಿ ತೆಲುಗಿನಲ್ಲಿ ಗೊಣಗುವುದನ್ನು ಡಬ್ ಮಾಡಿ ಕನ್ನಡಕ್ಕೆ ತರುವ ಯೋಚನೆಯನ್ನೂ ಬಿಡು, ನಮ್ಮ ಕಡೆ ಮನೆಗಳಲ್ಲಿ ಎರಡೂ ಬೆರೆತೇ ಇರುತ್ತೆ.

ಕೊನೆಗೆ ಮಿಕ್ಸಿಂಗ್. ನಿನ್ನ ಸಿನಿಮಾ ಹೆಚ್ಚಿನವರು ಫೋನಿನಲ್ಲೇ ನೋಡುತ್ತಾರೆ. ಫೋನಿನ ಸ್ಪೀಕರ್ ತಗ್ಗಿನ ಗುಂಯ್ ಸದ್ದನ್ನು ನುಂಗಿಹಾಕುತ್ತೆ, ಅದನ್ನು ನಂಬಿ ದೃಶ್ಯ ಕಟ್ಟಬೇಡ. ಹುಳುವಿನ ಚಿಟಿಚಿಟಿ ಮೇಲಿನ ಸ್ವರ, ಅದು ಫೋನಿನಲ್ಲೂ ಉಳಿಯುತ್ತೆ. ಯೂಟ್ಯೂಬ್ ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಸದ್ದಿನ ಜೋರು ಅಳೆಯುವ ಮಾಪು) ಜೋರಿದ್ದದ್ದನ್ನು ತಗ್ಗಿಸುತ್ತೆ, ಜೋರು ಮಾಡಿ ಲಾಭವಿಲ್ಲ. ಎಲ್ಲಾ ಒತ್ತಿ ಒಂದೇ ಮಟ್ಟಕ್ಕೆ ತಂದರೆ ನೀನು ಕಷ್ಟಪಟ್ಟು ಕಟ್ಟಿದ ಮೌನವೂ ಮೇಲೆದ್ದು ಬರುತ್ತೆ.

ಪಿಟೀಲು ಬೇಕೇ ಬೇಕು ಅಂದರೆ, ಮಾರುಕಟ್ಟೆಯಿಂದ ಹೊರಗೆ ಬಂದ ಮೇಲೆ, ಆತ ಖಾಲಿ ಚೀಲ ಮಡಚಿದ ನಂತರ ಒಂದು ಸಣ್ಣ ಎಳೆ ಇಡು. ಅದಕ್ಕೂ ಮೊದಲು ಸಂಗೀತವಿಲ್ಲದ ಕಟ್ ನನಗೆ ಕಳಿಸಬೇಕು.

ಮುಂದಿನ ಬೆಳೆಗೆ ಹುಳು ಮನೆಯವರು ಯಾವಾಗ ಚಾಕಿ (ಎಳೆ ಹುಳು) ತರುತ್ತಾರೆ ಅಂತ ಕೇಳಿಕೊಂಡು ಫೋನ್ ಮಾಡು. ಮೈಕು, ರೆಕಾರ್ಡರ್ ನನ್ನ ಬೀರುವಿನಲ್ಲಿದೆ, ಬಂದು ಒಯ್ಯಿ. ಸೆಲ್ಲು ಹೊಸದು ತಗೋ, ಕಂಡೆನ್ಸರ್ ಮೈಕು ಸೆಲ್ಲನ್ನು ಬೇಗ ಕುಡಿಯುತ್ತೆ. ಹುಳು ಮನೆ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ, ತುಳಿದೇ ಒಳಗೆ ಹೋಗು, ಮೈಕಿನ ಸ್ಟ್ಯಾಂಡಿನ ಕಾಲನ್ನೂ ಒರೆಸಿಕೊಂಡು ಹೋಗು.

ಇಂತಿ,
ನಿನ್ನ ದೊಡ್ಡಮ್ಮ