ಗುರುವಾರದ ಸ್ಕ್ಯಾನ್‌ಗೆ ಮುಂಚೆ

ಪುಟ್ಟಿ,

ಫೋನಲ್ಲಿ ಮಾತಾಡಿದರೆ ಇಬ್ಬರ ದನಿಯೂ ಏರತ್ತೆ, ಅದಕ್ಕೇ ಬರೀತಿದೀನಿ. ಭಾನುವಾರ ಊಟದ ಹೊತ್ತಲ್ಲಿ ಆಗಿದ್ದನ್ನ ಮತ್ತೆ ಕೆದಕಲ್ಲ. ಗರ್ಭದಲ್ಲಿ ನೀರು ಕಡಿಮೆ ಇದೆ ಅನ್ನೋದನ್ನ ನಿನ್ನ ಬಾಯಿಂದ ಕೇಳಬೇಕಿತ್ತು, ಅಳಿಯಂದಿರು ಹೇಳಿ ಗೊತ್ತಾಯ್ತು. ನನ್ನ ಸಂಕಟ ಅಷ್ಟೇ.

33ನೇ ವಾರ, ಎಎಫ್‌ಐ, ಅದೇ ಗರ್ಭದ ನೀರಿನ ಅಳತೆ, 6. ರಿಪೋರ್ಟಿನ ಫೋಟೊ ದೊಡ್ಡದು ಮಾಡಿ ಮಾಡಿ ನೋಡಿದೆ. ನೀನು ಹೇಳಿದ್ದು ಸರಿ, 5ಕ್ಕಿಂತ ಕೆಳಗೆ ಹೋದರೆ ಕಡಿಮೆ ಅನ್ನೋದು, ನಿಂದು ಅಂಚಿನಲ್ಲಿದೆ. ಹೊಟ್ಟೆನ ನಾಲ್ಕು ಭಾಗ ಮಾಡಿ, ಒಂದೊಂದರಲ್ಲೂ ನೀರು ಎಲ್ಲಿ ಹೆಚ್ಚು ಆಳ ಇದೆಯೋ ಅಲ್ಲಿ ಅಳೆದು, ನಾಲ್ಕನ್ನೂ ಕೂಡಿಸಿದ ಸೆಂಟಿಮೀಟರ್ ಲೆಕ್ಕ ಅದು. ಮಗು ಹೊರಳಿದರೂ, ಅಳೆಯೋ ಕೈ ಬದಲಾದರೂ ಸ್ವಲ್ಪ ಆಚೀಚೆ ಆಗತ್ತೆ. ಇದೆಲ್ಲ ನನಗೆ ಅರ್ಥ ಆಗಿದೆ ಕಣೇ. ಆದರೂ ನಿದ್ದೆ ಬರ್ತಿಲ್ಲ, ಯಾಕೆ ಅಂತ ಹೇಳ್ತೀನಿ.

ನಿನ್ನ ಚಿಕ್ಕಮ್ಮನ ಮೊದಲನೇ ಬಸಿರಿನ ವಿಷಯ ನಿನಗೆ ಅರ್ಧ ಮಾತ್ರ ಗೊತ್ತು. ಮಗು ಉಳೀಲಿಲ್ಲ ಅಂತಷ್ಟೇ ಮನೇಲಿ ಹೇಳ್ತಿದ್ವಿ. ಏಳು ತಿಂಗಳು ತುಂಬಿತ್ತು. ಅತ್ತೆ ಮನೇಲಿ ತುಂಬಿದ ಸಂಸಾರ, ಮಾವ, ಮೈದುನಂದಿರು, ಬಂದು ಹೋಗೋರು. ಇವಳಿಗೆ ಸ್ವಲ್ಪ ಸ್ವಲ್ಪವೇ ನೀರು ಹೋಗೋಕೆ ಶುರುವಾಯ್ತು. ಉಚ್ಚೆ ತಡೆಯಕ್ಕಾಗ್ತಿಲ್ಲ ಅಂದ್ಕೊಂಡಳು. ನಾಚಿಕೆ. ಹಳೇ ಸೀರೆ ಹರಿದು ಮಡಚಿ ಇಟ್ಕೊಳ್ಳೋದು, ಎಲ್ಲರೂ ಏಳೋ ಮುಂಚೆ ಅದನ್ನ ಒಗೆದು ಹಿತ್ತಲಿನ ತಂತಿ ಮೇಲೆ ಮಾವನ ಪಂಚೆ ಅಡಿಗೆ ಯಾರಿಗೂ ಕಾಣದ ಹಾಗೆ ಹರವೋದು. ಒಣಗದೇ ಇದ್ದರೆ ಹಸೀದನ್ನೇ ಇಟ್ಕೊಳ್ಳೋದು. ಅತ್ತೆ ಕೇಳಿದರೆ ನೆಲ ಒರೆಸೋ ಬಟ್ಟೆ ಅಂದಿದ್ದಳಂತೆ. ಚಳಿ ಜ್ವರ ಬಂದ ಮೇಲೆ ಗಾಡಿ ಮಾಡ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋದರು. ನೀರಿನ ಚೀಲ ಒಡೆದು ಎಷ್ಟೋ ದಿನ ಆಗಿದೆ, ಒಳಗೆ ಸೋಂಕಾಗಿದೆ ಅಂದರು ಡಾಕ್ಟರು. ಮಗುವಿನ ಎದೆಬಡಿತ ಆಗಲೇ ನಿಂತುಹೋಗಿತ್ತು. ಒರೆಸೋ ಬಟ್ಟೆ ಅಂತ ಹೇಳಿದ್ದನ್ನ ಅವಳು ನನಗೆ ಹೇಳಿದ್ದೇ ಎಷ್ಟೋ ವರ್ಷ ಆದಮೇಲೆ, ನಿನ್ನನ್ನ ಮಡಿಲಲ್ಲಿ ಮಲಗಿಸ್ಕೊಂಡು.

ನಿನಗೆ ಹಾಗಾಗತ್ತೆ ಅಂತ ಅಲ್ಲ, ಬಿಡ್ತು ಅನ್ನು. ನಿನಗೆ ನೀರು ಸೋರ್ತಿಲ್ಲ ಅಂತ ಡಾಕ್ಟರು ಪರೀಕ್ಷೆ ಮಾಡಿ ಹೇಳಿದ್ದಾರೆ. ಆದರೆ ನಾಳೆ ಬಟ್ಟೆ ಒದ್ದೆ ಅನ್ನಿಸಿದರೆ, ಉಚ್ಚೆಯೋ ಏನೋ ಅಂತ ನೀನೇ ತೀರ್ಮಾನ ಮಾಡಬೇಡ. ಒಂದು ಪ್ಯಾಡ್ ಹಾಕ್ಕೊಂಡು ನೇರ ಆಸ್ಪತ್ರೆಗೆ ಹೋಗು, ರಾತ್ರಿ ಎರಡು ಗಂಟೆ ಆದರೂ ಸರಿ. ಮಗು ಒದೆಯೋದೂ ಅಷ್ಟೇ. ಊಟ ಆದಮೇಲೆ ಎಡಮಗ್ಗುಲಲ್ಲಿ ಮಲಗಿ ಎಣಿಸು. ಎರಡು ಗಂಟೆ ಒಳಗೆ 10 ಸಲ ಆಗದಿದ್ದರೆ ಹೊರಡು. ಲ್ಯಾಪ್‌ಟಾಪ್ ಮಡಿಲಲ್ಲಿಟ್ಕೊಂಡು ಎಣಿಸಿದರೆ ಅದು ಲೆಕ್ಕಕ್ಕಿಲ್ಲ.

ಪಕ್ಕದ ಮನೆಯವರು ದಿನಾ ಎಳನೀರು ಕುಡಿಸಿ, ಎಲ್ಲ ಸರಿಹೋಗತ್ತೆ ಅಂತಾರೆ. ಕುಡಿ, ಬೇಡ ಅನ್ನಲ್ಲ. ಈ ಬಿಸಿಲಲ್ಲಿ ಮೈಯಲ್ಲಿ ನೀರು ಕಡಿಮೆ ಆಗಿದ್ದರೆ ಕುಡಿದಷ್ಟೂ ಒಳ್ಳೇದೇ. ಮೀಟಿಂಗ್ ಮಧ್ಯ ಏಳಬೇಕಾಗತ್ತೆ ಅಂತ ನೀನು ಬಾಟ್ಲಿ ಮುಟ್ಟೋದೇ ಇಲ್ಲ, ಅದನ್ನ ಮೊದಲು ಬಿಡು. ಆದರೆ ಬರೀ ಕುಡಿಯೋದರಿಂದ ಎಲ್ಲ ಮುಗಿಯಲ್ಲ. ಈ ತಿಂಗಳಲ್ಲಿ ಆ ನೀರು ಹೆಚ್ಚುಪಾಲು ಮಗುವಿನ ಮೂತ್ರವೇ, ಅದನ್ನೇ ಅದು ನುಂಗಿ ಮತ್ತೆ ಹೊರಗೆ ಬಿಡತ್ತೆ. ಮಾಸಿನಿಂದ ರಕ್ತ ಸರಿಯಾಗಿ ಹೋಗದಿದ್ದರೆ ಮಗುವಿನ ಮೂತ್ರಪಿಂಡಕ್ಕೂ ಕಡಿಮೆ, ಮೂತ್ರವೂ ಕಡಿಮೆ. ಗುರುವಾರ ಡಾಪ್ಲರ್ ಸ್ಕ್ಯಾನ್ ಬರೆದಿರೋದು ಆ ರಕ್ತದ ಹರಿವನ್ನ ನೋಡೋಕೆ. ತಪ್ಪಿಸಬೇಡ, ಮುಂದಕ್ಕೂ ಹಾಕಬೇಡ. ಬಿಪಿ ನೋಡಿಸ್ಕೊಳ್ತಾ ಇರು. ಬೆನ್ನುನೋವಿಗೆ ಅಂತ ಬ್ಯಾಗಲ್ಲಿ ಇಟ್ಕೊಂಡಿರೋ ಐಬುಪ್ರೊಫೆನ್ ಎಸೆದುಬಿಡು, ಅದರಿಂದಲೂ ಗರ್ಭದ ನೀರು ಕಡಿಮೆ ಆಗತ್ತೆ. ಯಾವ ಮಾತ್ರೆ ಆದರೂ ಡಾಕ್ಟರನ್ನ ಕೇಳಿಯೇ ತಗೋ.

ನೋಡು, ಉಪದೇಶ ಮಾಡಲ್ಲ ಅಂದ್ಕೊಂಡೇ ಶುರು ಮಾಡಿದ್ದೆ. ಇನ್ನೊಂದು ಹೇಳಿಬಿಡ್ತೀನಿ. ರಜೆ 26 ವಾರ ಅಂತ ಕಾನೂನಲ್ಲೇ ಇದೆ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತಗೋಬಹುದು. ಹಳದಿ ಲೈನ್ ಮೆಟ್ರೊ ಬಂದಮೇಲೆ ಎಲೆಕ್ಟ್ರಾನಿಕ್ ಸಿಟಿ ಹತ್ತಿರವೇ ಆಯ್ತು ಅಂತೀಯ. ಆ ನೂಕುನುಗ್ಗಲಲ್ಲಿ ನಿಂತು ಹೋಗೋದು ನೀನು. ಹಟ ಮಾಡಬೇಡ ಅಂದರೆ ನಿನಗೆ ಕೋಪ ಬರತ್ತೆ, ಆದರೂ ಡಾಕ್ಟರನ್ನ ಒಂದು ಮಾತು ಕೇಳು.

ಪ್ರಶ್ನೆಗಳನ್ನೆಲ್ಲ ಚೀಟೀಲಿ ಬರ್ಕೊಂಡು ಹೋಗಿ ಡಾಕ್ಟರನ್ನ ಒಂದೊಂದಾಗಿ ಕೇಳಿದೆಯಂತೆ, ಅಳಿಯಂದಿರು ಹೇಳಿದರು. ಎಷ್ಟು ಹೆಮ್ಮೆ ಆಯ್ತು ಗೊತ್ತಾ? ನಾವು ಡಾಕ್ಟರ ಮುಂದೆ ತಲೆ ಎತ್ತೋಕೂ ಹೆದರ್ತಿದ್ವಿ. ಚಿಕ್ಕಮ್ಮನಿಗೆ ಅಂಥ ಒಂದು ಚೀಟಿ ಇದ್ದಿದ್ದರೆ ಅನ್ನಿಸ್ತು. ನೋಡು, ಮತ್ತೆ ಅಲ್ಲಿಗೇ ಬಂದೆ. ನಿನ್ನನ್ನ ಹೆದರಿಸೋಕಲ್ಲ ಪುಟ್ಟಿ. ಬೇಜಾರಾಗಿದ್ದರೆ ಮನಸ್ಸಿನಲ್ಲಿಟ್ಕೋಬೇಡ.

ನೀರು ಇನ್ನೂ ಇಳಿದರೆ ಅಡ್ಮಿಟ್ ಆಗಿ ಅನ್ನಬಹುದು. ಬೇಗ ಹೆರಿಗೆ ಮಾಡಿಸಬೇಕಾಗಬಹುದು ಅನ್ನಿಸಿದರೆ ಮಗುವಿನ ಶ್ವಾಸಕೋಶ ಬಲಿಯಲಿ ಅಂತ ನಿನಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡ್ತಾರೆ. ಆ ಮಾತು ಬಂದರೆ ಗಾಬರಿಯಾಗಬೇಡ, ಮಗುವಿನ ಒಳ್ಳೇದಕ್ಕೇ ಅದು.

ಗುರುವಾರ ಬೆಳಿಗ್ಗೆ ಜಯನಗರದಿಂದ ಆಟೊ ಮಾಡ್ಕೊಂಡು ನೇರ ಸ್ಕ್ಯಾನಿಂಗ್ ಸೆಂಟರಿಗೇ ಬರ್ತೀನಿ. ಒಳಗೆ ಬೇಡ ಅಂದರೆ ಹೊರಗೆ ಕೂತಿರ್ತೀನಿ, ಒಂದು ಮಾತೂ ಆಡಲ್ಲ. ಹಳೇ ರಿಪೋರ್ಟೆಲ್ಲ ತಾಯಿ ಕಾರ್ಡ್ ಜೊತೆ ಒಂದೇ ಕವರಿಗೆ ಹಾಕಿಟ್ಟಿರು. ತಿಂಡಿ ನಾನು ತರ್ತೀನಿ, ನೀನು ಏನೂ ಮಾಡೋಕೆ ಹೋಗಬೇಡ.

ನಿನ್ನ ಅಮ್ಮ