ಮೊಸಳೆಯೋ, ಹಾವಸೆಯೋ

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪಿಎಚ್‌.ಡಿ.ಗೆ ಚಂಬಲ್ ನದಿಯ ಘರಿಯಾಲ್ ಅನ್ನೋ ಉದ್ದ ಮೂತಿಯ ಮೊಸಳೆ ತಗೊಳ್ಳಲೋ, ಹಿಮಾಲಯದ ಟಾಕಾಕಿಯಾ ಅನ್ನೋ ಹಾವಸೆಯೋ (ಮಾಸ್) ಅಂತ ಕೇಳಿದ್ದೀಯ. ಎರಡೂ ಅಳಿವಿನ ಭಯ ಇರುವ ಜೀವಿಗಳ ಕೆಂಪು ಪಟ್ಟಿಯಲ್ಲಿವೆ. ದೊಡ್ಡ ಪ್ರಾಣಿಗೇ ಬೆಲೆ ಜಾಸ್ತಿ ಅಲ್ವಾ ಅಂತಲೂ ಕೇಳಿದ್ದೀಯ. ಇರಬಹುದು. ಆದರೆ ಆರಿಸಿಕೊಳ್ಳಲು ಅದೊಂದೇ ಕಾರಣ ಸಾಲದು.

ಗಂಡು ಘರಿಯಾಲ್ ಐದು ಮೀಟರ್ ಮುಟ್ಟುತ್ತದೆ, ಮೂತಿಯ ತುದಿಯಲ್ಲಿ ಮಡಕೆಯಂಥ ಉಬ್ಬು ಬೇರೆ. ಇಷ್ಟಾಗಿ ತಿನ್ನುವುದು ಮೀನು. ಅದಕ್ಕೆ ಬಂದಿರುವ ಕಷ್ಟ ನಮ್ಮ ಹೊಳೆಗಳ ಕಷ್ಟವೇ. ಮೊಟ್ಟೆ ಇಡುವ ಮರಳದಿಬ್ಬ ಟ್ರ್ಯಾಕ್ಟರ್ ಹತ್ತಿ ಹೋಗುತ್ತದೆ. ಮೀನಿನ ಬಲೆಗೆ ಮೂತಿ ಸಿಕ್ಕಿಕೊಂಡರೆ ಮೇಲೆ ಬಂದು ಉಸಿರಾಡಲಾಗದೆ ಸಾಯುತ್ತದೆ. 1975ರಲ್ಲಿ ಸರ್ಕಾರ ಮೊಸಳೆ ಉಳಿಸುವ ಯೋಜನೆ ಶುರು ಮಾಡಿತು. ಲಖನೌ ಬಳಿಯ ಕುಕ್ರೈಲ್‌ನಲ್ಲಿ ಮೊಟ್ಟೆ ಮರಿ ಮಾಡಿಸಿ, ಬೆಳೆಸಿ, ನದಿಗೆ ಬಿಟ್ಟರು. ಹಾಗಿದ್ದೂ 2007-08ರ ಚಳಿಗಾಲದಲ್ಲಿ ಚಂಬಲ್‌ನಲ್ಲಿ ನೂರಕ್ಕೂ ಹೆಚ್ಚು ಸತ್ತವು. ಮರಿ ಬೆಳೆಸೋದು ನಮಗೆ ಬಂತು, ನದಿ ಕಾಯೋದು ಬರಲಿಲ್ಲ. ಏನು ಮಾಡಬೇಕು ಅಂತ ಗೊತ್ತಿದ್ದೂ ಮಾಡದಿರೋದೇ ಅಲ್ಲಿನ ತೊಂದರೆ.

ಟಾಕಾಕಿಯಾ ಒಂದೆರಡು ಸೆಂಟಿಮೀಟರ್ ಎತ್ತರ ಬೆಳೆದರೆ ಹೆಚ್ಚು. ಇದರಲ್ಲಿ ಇರುವುದೇ ಎರಡು ಜಾತಿ. ಒಂದನ್ನು 1861ರಲ್ಲೇ ಸಿಕ್ಕಿಂನ ಮಾದರಿಯಿಂದ ದಾಖಲಿಸಿದ್ದರು, ಆದರೆ ಅದು ಹಾವಸೆ ಅಂತ ಖಚಿತವಾಗಿದ್ದು 1990ರ ದಶಕದಲ್ಲಿ, ಅಲಾಸ್ಕಾದ ಅಲ್ಯೂಷನ್ ದ್ವೀಪಗಳಲ್ಲಿ ಅದರ ಬೀಜಕ ಕೋಶ (ಸಂತಾನಕ್ಕೆ ಬೇಕಾದ ಬೀಜಕಗಳಿರುವ ಪುಟ್ಟ ಚೀಲ) ಸಿಕ್ಕ ಮೇಲೆ! ಇನ್ನೊಂದು ಜಾತಿಯ ಬಗ್ಗೆ ಟಿಬೆಟ್‌ನಲ್ಲಿ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಈ ವಂಶ ಸುಮಾರು 39 ಕೋಟಿ ವರ್ಷ ಹಳೆಯದಂತೆ. ಹಿಮಾಲಯ ಏಳುವುದನ್ನೂ ಸಹಿಸಿಕೊಂಡ ಗಿಡ, ಈಗಿನ ಬಿಸಿಗೆ ವರ್ಷ ವರ್ಷ ಕಡಿಮೆಯಾಗುತ್ತಿದೆ. ಲ್ಯಾಬಿನಲ್ಲಿ ಬೆಳೆಸಬಹುದು, ಸರಿ. ಆದರೆ ಬಿಡೋದು ಎಲ್ಲಿಗೆ? ಬೆಟ್ಟವೇ ಬೆಚ್ಚಗಾಗುತ್ತಿದೆ.

ನನ್ನ ಕೇಳಿದರೆ ಹಾವಸೆ ತಗೋ. ಘರಿಯಾಲ್ ಸತ್ತರೆ ಪೇಪರಿನಲ್ಲಿ ಬರುತ್ತದೆ. ಹಾವಸೆ ಹೋದರೆ, ಇತ್ತು ಅಂತ ಹೇಳುವುದಕ್ಕಾದರೂ ಅದನ್ನು ಗುರುತಿಸುವವರು ಬೇಕಲ್ಲ. ಅಂಥವರು ತುಂಬಾ ಕಡಿಮೆ. ನಿನಗೆ ಗಂಟೆಗಟ್ಟಲೆ ಮೈಕ್ರೋಸ್ಕೋಪ್ ಮುಂದೆ ಕೂರುವ ತಾಳ್ಮೆಯೂ ಇದೆ. ಆದರೆ ಸುಮ್ನೆ ನೇರ ಸಿಕ್ಕಿಂಗೆ ಓಡಬೇಡ. ಈ ಮಳೆಗಾಲ ಆಗುಂಬೆ ಕಡೆ ಹೋಗಿ, ಅಲ್ಲಿನ ಮರದ ಹಾವಸೆಗಳನ್ನು ಬೇರೆ ಬೇರೆ ಅಂತ ಗುರುತಿಸೋದು ಕಲಿ. ಉಂಬಳದ ಕಾಟ ಇರುತ್ತದೆ, ಸುಣ್ಣ ಹೊಗೆಸೊಪ್ಪು ಇಟ್ಟುಕೋ. ಕೈ ಲೆನ್ಸ್ ಒಳ್ಳೆಯದೇ ತಗೋ, ದುಡ್ಡು ನಾನು ಕಳಿಸುತ್ತೇನೆ. "ಪಾಚಿ ಓದೋಕೆ ಪಿಎಚ್‌.ಡಿ. ಯಾಕೆ" ಅಂತ ನಿಮ್ಮಪ್ಪ ಕೇಳಿದರೆ ನನಗೆ ಫೋನ್ ಮಾಡಲು ಹೇಳು.

ಇಂತಿ,
ನಿನ್ನ ದೊಡ್ಡಪ್ಪ