ಯುದ್ಧವಿಮಾನದ ಫಿರಂಗಿಯನ್ನು ಮರೆತ ಚರ್ಚೆ

ಮಾನ್ಯ ಸಂಪಾದಕರೇ,

ತೇಜಸ್ ವಿಮಾನದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಅದರ ಎಂಜಿನ್, ರಾಡಾರ್ ಮತ್ತು ಕ್ಷಿಪಣಿಗಳ ವಿವರ ಧಾರಾಳವಾಗಿರುತ್ತದೆ. ಅದರ ಒಡಲಿನ ಕೆಳಭಾಗದಲ್ಲಿರುವ 23 ಮಿ.ಮೀ. ವ್ಯಾಸದ, ಜೋಡಿ ನಳಿಕೆಯ ಜಿಎಸ್‌ಎಚ್-23 ಫಿರಂಗಿಯ ಪ್ರಸ್ತಾಪ ಮಾತ್ರ ಅಪರೂಪ. ಪ್ರಸ್ತಾಪವಾದರೂ, ಕ್ಷಿಪಣಿಗಳ ಯುಗದಲ್ಲಿ ಇದೊಂದು ಅನಗತ್ಯ ಭಾರ ಎಂಬ ಧಾಟಿಯೇ ಹೆಚ್ಚು. ಈ ತೀರ್ಮಾನವನ್ನು ದೊಡ್ಡ ವಾಯುಪಡೆಗಳು ಒಮ್ಮೆ ಕಾರ್ಯರೂಪಕ್ಕೆ ತಂದು, ಬಳಿಕ ಹಿಂಪಡೆದಿವೆ. ಅದರ ಪರಿಣಾಮವನ್ನು ನಮ್ಮ ವಾಯುಪಡೆಯೂ ಅನುಭವಿಸಿದೆ ಎಂಬುದನ್ನು ಓದುಗರ ಗಮನಕ್ಕೆ ತರಲು ಈ ಪತ್ರ.

1950ರ ದಶಕದಲ್ಲಿ ಶಾಖವನ್ನು ಅರಸಿ ಹೋಗುವ ಕ್ಷಿಪಣಿಗಳು ಬಂದ ಮೇಲೆ ಅಮೆರಿಕವು ಫ್ಯಾಂಟಮ್ ವಿಮಾನವನ್ನು ಫಿರಂಗಿಯಿಲ್ಲದೆಯೇ ರೂಪಿಸಿತು. ಸೋವಿಯತ್ ಒಕ್ಕೂಟವೂ ಮಿಗ್-21ರ ಆರಂಭದ ಮಾದರಿಗಳಲ್ಲಿದ್ದ 30 ಮಿ.ಮೀ. ಫಿರಂಗಿಯನ್ನು ಪಿಎಫ್ ಮಾದರಿಯಲ್ಲಿ ತೆಗೆದುಹಾಕಿತು. 1965ರ ಸೆಪ್ಟೆಂಬರ್ ಯುದ್ಧದಲ್ಲಿ ಮಿಗ್-21 ನಡೆಸುತ್ತಿದ್ದ ವಿಂಗ್ ಕಮಾಂಡರ್ ಎಂ.ಎಸ್.ಡಿ. ವೊಲೆನ್ (ಮುಂದೆ ಬೆಂಗಳೂರಿನ ಎಚ್‌ಎಎಲ್‌ನ ಅಧ್ಯಕ್ಷರಾದವರು ಇವರೇ) ಪಾಕಿಸ್ತಾನದ ಸೇಬರ್ ವಿಮಾನವೊಂದರ ಬೆನ್ನುಹತ್ತಿ ತಮ್ಮಲ್ಲಿದ್ದ ಎರಡೂ ಕೆ-13 ಕ್ಷಿಪಣಿಗಳನ್ನು ಪ್ರಯೋಗಿಸಿದರು. ಎರಡೂ ಗುರಿ ತಪ್ಪಿದವು. ನೆಲಕ್ಕೆ ಹತ್ತಿರ ಹಾರುವ ವಿಮಾನದ ಶಾಖವನ್ನು ನೆಲದ ಶಾಖದಿಂದ ಬೇರ್ಪಡಿಸಿ ಗುರುತಿಸುವುದು ಅಂದಿನ ಕ್ಷಿಪಣಿಗಳಿಗೆ ಕಷ್ಟವಾಗಿತ್ತು. ಶತ್ರು ವಿಮಾನ ಕಣ್ಣೆದುರಿಗೇ ಇದ್ದರೂ ವೊಲೆನ್ ಅವರ ಬಳಿ ಹಾರಿಸಲು ಒಂದು ಗುಂಡೂ ಇರಲಿಲ್ಲ.

ಅನಂತರ ನಮ್ಮ ಮಿಗ್-21 ಎಫ್‌ಎಲ್ ವಿಮಾನಗಳ ಒಡಲಿನಡಿ ಜಿಪಿ-9 ಎಂಬ ಫಿರಂಗಿ ಪೆಟ್ಟಿಗೆಯನ್ನು ತೂಗುಹಾಕುವ ವ್ಯವಸ್ಥೆಯಾಯಿತು. ಅದರೊಳಗಿದ್ದದ್ದು ಇಂದು ತೇಜಸ್‌ನಲ್ಲಿರುವ ಅದೇ ಜಿಎಸ್‌ಎಚ್-23. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ: ಹೆಚ್ಚುವರಿ ಇಂಧನದ ಟ್ಯಾಂಕನ್ನು ಕಟ್ಟುವ ಜಾಗವನ್ನೇ ಈ ಪೆಟ್ಟಿಗೆ ಆಕ್ರಮಿಸಿದ್ದರಿಂದ, ಫಿರಂಗಿ ಬೇಕಾದರೆ ದೂರ ಹಾರುವ ಆಸೆಯನ್ನು ಬಿಡಬೇಕಾಗಿತ್ತು. ಆದರೂ 1971ರ ಡಿಸೆಂಬರ್ 12ರಂದು ಫ್ಲೈಟ್ ಲೆಫ್ಟಿನೆಂಟ್ ಭರತ್ ಭೂಷಣ್ ಸೋನಿಯವರು ಕಛ್ ಕೊಲ್ಲಿಯ ಮೇಲೆ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನು ಇದೇ ಫಿರಂಗಿಯಿಂದ ಹೊಡೆದುರುಳಿಸಿದರು. ಮಿಗ್-21ರ ಮುಂದಿನ ಮಾದರಿಗಳಲ್ಲಿ ಫಿರಂಗಿ ಮತ್ತೆ ಒಡಲೊಳಗೆ ಸೇರಿತು. ವಿಯೆಟ್ನಾಂ ಯುದ್ಧದ ಅನುಭವದಿಂದ ಅಮೆರಿಕವೂ ಫ್ಯಾಂಟಮ್‌ನ ‘ಇ’ ಮಾದರಿಯಲ್ಲಿ ಇದನ್ನೇ ಮಾಡಿತು.

ಹಳೆಯದೆಂದು ಕರೆಯಲಾಗುವ ಈ ಆಯುಧದ ಒಳಗಿನ ಜಾಣ್ಮೆಯ ಬಗ್ಗೆ ನಮ್ಮಲ್ಲಿ ಬರೆದವರು ಕಡಿಮೆ. ಒಂದೇ ನಳಿಕೆಯಲ್ಲಿ ಗುಂಡು ತುಂಬುವುದು, ಹಾರಿಸುವುದು, ಖಾಲಿ ಕವಚವನ್ನು ಹೊರಹಾಕುವುದು ಒಂದಾದ ಮೇಲೊಂದು ನಡೆಯಬೇಕಾದಾಗ ವೇಗಕ್ಕೆ ಮಿತಿ ತಾನಾಗಿಯೇ ಬರುತ್ತದೆ. ಎರಡನೇ ಮಹಾಯುದ್ಧದ ಕೊನೆಗೆ ಜರ್ಮನಿಯ ಮೌಸರ್ ಸಂಸ್ಥೆಯವರು ತಿರುಗುವ ಕೊಳವೆಯಲ್ಲಿ ಹಲವು ಗೂಡುಗಳನ್ನಿಟ್ಟು, ಈ ಕೆಲಸಗಳು ಬೇರೆ ಬೇರೆ ಗೂಡುಗಳಲ್ಲಿ ಏಕಕಾಲಕ್ಕೆ ಸಾಗುವಂತೆ ಮಾಡಿದರು. ಯುದ್ಧ ಮುಗಿದ ಮೇಲೆ ಆ ವಿನ್ಯಾಸವೇ ಬ್ರಿಟನ್ನಿನ ಏಡೆನ್, ಫ್ರಾನ್ಸಿನ ಡೆಫಾ ಮತ್ತು ಅಮೆರಿಕದ ಎಂ-39 ಫಿರಂಗಿಗಳ ಮೂಲವಾಯಿತು. ಜಿಎಸ್‌ಎಚ್-23ರ ದಾರಿ ಬೇರೆ. ಮೊದಲ ಮಹಾಯುದ್ಧದ ಕಾಲದ ಜರ್ಮನ್ ಎಂಜಿನಿಯರ್ ಕಾರ್ಲ್ ಗಾಸ್ಟ್ ಅವರ ಯೋಚನೆಯಂತೆ, ಅದರ ಒಂದು ನಳಿಕೆ ಗುಂಡು ಹಾರಿಸುವ ಬಲದಿಂದಲೇ ಇನ್ನೊಂದು ನಳಿಕೆ ಗುಂಡು ತುಂಬಿಕೊಳ್ಳುತ್ತದೆ. ಹೀಗಾಗಿ ಸುಮಾರು 50 ಕೆ.ಜಿ. ತೂಕದ ಯಂತ್ರವೊಂದು ನಿಮಿಷಕ್ಕೆ 3,000ಕ್ಕೂ ಹೆಚ್ಚು ಗುಂಡುಗಳ ವೇಗವನ್ನು ಮುಟ್ಟುತ್ತದೆ.

ಇಷ್ಟಾದರೂ ಫಿರಂಗಿಯನ್ನು ತಯಾರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ; ನನ್ನ ದೃಷ್ಟಿಯಲ್ಲಿ ಅದನ್ನು ವಿಮಾನಕ್ಕೆ ಹೊಂದಿಸುವುದೇ ಹೆಚ್ಚು ಕಷ್ಟ. 1940ರಲ್ಲಿ ಬ್ರಿಟನ್ನಿನ 19ನೇ ಸ್ಕ್ವಾಡ್ರನ್‌ಗೆ 20 ಮಿ.ಮೀ. ಫಿರಂಗಿಗಳ ಸ್ಪಿಟ್‌ಫೈರ್‌ಗಳು ಬಂದಾಗ, ತೆಳುವಾದ ರೆಕ್ಕೆಯೊಳಗೆ ಪಕ್ಕಕ್ಕೆ ಮಲಗಿಸಿ ಕೂರಿಸಿದ್ದ ಫಿರಂಗಿಗಳು ಪದೇ ಪದೇ ಕಚ್ಚಿಕೊಂಡು ನಿಂತವು. ಪೈಲಟ್‌ಗಳು ಕೇಳಿ ಹಳೆಯ ಮಷೀನ್‌ಗನ್ ವಿಮಾನಗಳನ್ನೇ ವಾಪಸು ಪಡೆದರು. ಮುಂದೆ ಹಂಟರ್ ವಿಮಾನದಲ್ಲಿ ಏಡೆನ್ ಫಿರಂಗಿಗಳ ಹೊಗೆ ಎಂಜಿನ್ನಿನೊಳಗೆ ಸೇರಿ ಅದರ ಉಸಿರು ಕಟ್ಟಿಸುತ್ತಿತ್ತು. ಬೆಂಗಳೂರಿನಲ್ಲಿ ಕರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡು 1961ರಲ್ಲಿ ಮೊದಲು ಹಾರಿದ ಮಾರುತ್ ವಿಮಾನದ ಮೂತಿಯಲ್ಲೂ ನಾಲ್ಕು ಏಡೆನ್ ಫಿರಂಗಿಗಳಿದ್ದವು. ಜರ್ಮನ್ ವಿನ್ಯಾಸಕಾರರೊಬ್ಬರ ವಿಮಾನಕ್ಕೆ ಜರ್ಮನ್ ಮೂಲದ ಫಿರಂಗಿ ಇಂಗ್ಲೆಂಡನ್ನು ಸುತ್ತಿ ಬೆಂಗಳೂರಿಗೆ ಬಂದು ಸೇರಿದ್ದು ಒಂದು ವಿಚಿತ್ರ. ನಾಲ್ಕನ್ನೂ ಒಟ್ಟಿಗೆ ಹಾರಿಸಿದಾಗ ಉಂಟಾಗುತ್ತಿದ್ದ ಕಂಪನ ಮಾತ್ರ ಮಾರುತ್‌ಗೆ ಕೊನೆಯವರೆಗೂ ತಲೆನೋವಾಗಿಯೇ ಉಳಿಯಿತು.

ತೇಜಸ್ ಹೊರುವ 220 ಗುಂಡುಗಳು ಸುಮಾರು ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತವೆ, ಇದರಿಂದೇನು ಪ್ರಯೋಜನ ಎಂದು ಕೇಳುವವರಿದ್ದಾರೆ. ಗುಂಡಿನ ಪ್ರಯೋಗ ನಡೆಯುವುದೇ ಅರ್ಧ, ಒಂದು ಸೆಕೆಂಡಿನ ಅವಧಿಗಳಲ್ಲಿ. ಹಾಗಾಗಿ ಅಷ್ಟು ಗುಂಡುಗಳು ಹಲವು ಪ್ರಯತ್ನಗಳಿಗೆ ಸಾಕು. ಬ್ರಿಟನ್ ಹಣ ಉಳಿಸಲೆಂದು ಟೈಫೂನ್ ವಿಮಾನದ ಫಿರಂಗಿಯನ್ನು ಬಳಸದಿರಲು ನಿರ್ಧರಿಸಿ, 2006ರಲ್ಲಿ ಆ ನಿರ್ಧಾರವನ್ನು ಬದಲಿಸಿತು. ಇಂದು ಅಗ್ಗದ ಡ್ರೋನ್‌ಗಳನ್ನು ಅವುಗಳಿಗಿಂತ ಎಷ್ಟೋ ಪಟ್ಟು ದುಬಾರಿಯಾದ ಕ್ಷಿಪಣಿಗಳಿಂದ ಉರುಳಿಸುವ ಲೆಕ್ಕ ಯಾರಿಗೂ ಹೊಂದುತ್ತಿಲ್ಲವಾದ್ದರಿಂದ, ಹೆಲಿಕಾಪ್ಟರ್‌ಗಳ ಫಿರಂಗಿಗಳಿಗೂ ಹೊಸ ಕೆಲಸ ಸಿಕ್ಕಿದೆ. ಎಚ್‌ಎಎಲ್ ತಯಾರಿಸುವ ಪ್ರಚಂಡ್ ಹೆಲಿಕಾಪ್ಟರಿನ ಮೂತಿಯಲ್ಲಿರುವ 20 ಮಿ.ಮೀ. ಫಿರಂಗಿಯನ್ನು ಈ ದೃಷ್ಟಿಯಿಂದಲೂ ನೋಡಬೇಕು.

ಆದರೆ ಆ ಫಿರಂಗಿಯ ವಿನ್ಯಾಸ ಫ್ರಾನ್ಸಿನದು, ತೇಜಸ್‌ನದು ರಷ್ಯದ್ದು, ಮಾರುತ್‌ನದು ಬ್ರಿಟನ್ನಿನದು. ವಿಮಾನಗಳ ಸ್ವದೇಶಿ ಪಾಲು ಶೇಕಡಾ ಎಷ್ಟು ಎಂದು ಪ್ರತಿ ವರದಿಯಲ್ಲೂ ಲೆಕ್ಕ ಕೊಡುವ ಪತ್ರಿಕೆಗಳು ಯಲಹಂಕದ ಮುಂದಿನ ವೈಮಾನಿಕ ಪ್ರದರ್ಶನದಲ್ಲಿ ಸಂಬಂಧಪಟ್ಟವರನ್ನು ಇದನ್ನೂ ಕೇಳಬೇಕೆಂದು ನನ್ನ ವಿನಂತಿ: ನಮ್ಮ ಮುಂದಿನ ಪೀಳಿಗೆಯ ಯುದ್ಧವಿಮಾನಕ್ಕೆ ಯಾವ ಫಿರಂಗಿ ಬರಲಿದೆ, ಅದನ್ನು ವಿನ್ಯಾಸ ಮಾಡುವವರು ಯಾರು, ಮತ್ತು ಅದಕ್ಕಾಗಿ ಒಡಲಿನಲ್ಲಿ ಜಾಗವನ್ನು ಈಗಲೇ ಗೊತ್ತುಮಾಡಲಾಗಿದೆಯೇ?

ಇಂತಿ,
ನಿಮ್ಮ ಓದುಗ,
ಬೆಂಗಳೂರು